ಗೋಡೆಯ ಮೇಲಿನ ದೊಡ್ಡಮ್ಮ

ಧಾರಾವಾಹಿಯ ಮನೆಗಳಲ್ಲಿ ಗೋಡೆಗೊಂದು ಫೋಟೋ ಬೇಕೇ ಬೇಕು. ತೀರಿಹೋದ ಅಪ್ಪನದೋ ಅಮ್ಮನದೋ. ಅದಿಲ್ಲದಿದ್ದರೆ ನಾವು ಯಾರ ಮುಂದೆ ನಿಂತು ಅಳುವುದು, ಯಾರ ಹತ್ತಿರ ಮನಸ್ಸಿನ ಮಾತು ಹೇಳಿಕೊಳ್ಳುವುದು? ಎದುರು ಮಾತಾಡದೆ ಕೇಳಿಸಿಕೊಳ್ಳುವವರು ಗೋಡೆಯ ಮೇಲಿನವರು ಮಾತ್ರ. ಉಳಿದವರಿಗೆಲ್ಲ ಡೈಲಾಗ್ ಇರುತ್ತದೆ.

ಆ ಫೋಟೋ ಎಲ್ಲಿಂದ ಬಂತು ಎಂದು ನೋಡುವವರು ಯಾರೂ ಯೋಚಿಸುವುದಿಲ್ಲ. ತರುವವನು ಸೆಟ್ ಕೆಲಸದ ಮೊಳೆಯಣ್ಣ. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುವುದರಿಂದ ಆ ಹೆಸರು. ಅವನದೊಂದು ನಿಯಮ: ಬದುಕಿರುವವರನ್ನು ಗೋಡೆಗೇರಿಸುವುದಿಲ್ಲ. ನಿಜವಾಗಿ ತೀರಿಹೋದವರ ಫೋಟೋವೇ ಆಗಬೇಕು, ಮನೆಯವರು ಒಪ್ಪಿ ಕೊಟ್ಟಿರಬೇಕು. ಲೈಟಿನವನ ಅತ್ತೆ, ಡ್ರೈವರನ ಮಾವ, ಮೇಕಪ್ಪಿನವಳ ಅಜ್ಜ, ಎಲ್ಲರೂ ಒಂದೊಂದು ಧಾರಾವಾಹಿಯಲ್ಲಿ ಶ್ರೀಮಂತರಾಗಿ ಮೆರೆದವರೇ. "ಬದುಕಿದ್ದಾಗ ಬಾಡಿಗೆ ಮನೆ, ಹೋದ್ಮೇಲೆ ಬಂಗಲೆ," ಎಂದು ಮೊಳೆಯಣ್ಣ ನಗುತ್ತಿದ್ದ.

ನಾನು ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷ. ಮೊದಲ ಧಾರಾವಾಹಿಯಲ್ಲಿ ನೀರಿನ ಲೋಟ ಇಟ್ಟು ಹೋಗುವ ಕೆಲಸದವಳು. ಲೋಟ ಇಟ್ಟ ರೀತಿ ಯಾರಿಗೆ ಹಿಡಿಸಿತೋ, ಮುಂದಿನದರಲ್ಲಿ ನಾಯಕಿಯ ಗೆಳತಿಯಾದೆ, ಆಮೇಲೆ ನಾದಿನಿ, ಆಮೇಲೆ ಏಳು ವರ್ಷ ದೊಡ್ಡ ಸೊಸೆ. ಐದು ಸಲ ಮದುವೆಯಾಗಿದ್ದೇನೆ, ಎರಡು ಸಲ ಗಂಡನನ್ನು ಕಳೆದುಕೊಂಡಿದ್ದೇನೆ, ಒಂದು ಸಲ ನಾನೇ ಸತ್ತು, ಜನ ಒಪ್ಪದೆ, ಮೂರು ವಾರಕ್ಕೆ ಎದ್ದು ಬಂದಿದ್ದೇನೆ. ಇಷ್ಟಕ್ಕೂ ಅಳು ಬೇಕಲ್ಲ. ಮೊದಮೊದಲು ತಾನಾಗಿ ಬರುತ್ತಿತ್ತು. ಆಮೇಲೆ ಗ್ಲಿಸರಿನ್. ಅದನ್ನು ಹಾಕಿ ಹಾಕಿ ಕಣ್ಣು ಕೆಟ್ಟು, ಡಾಕ್ಟರು "ಇನ್ನೊಂದು ತೊಟ್ಟು ಹಾಕಿದ್ರೆ ನನ್ನ ಹತ್ರ ಬರ್ಲೇಬೇಡಿ" ಎಂದು ಬೈದು ಕಳಿಸಿದ್ದರು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಾವು ಡೈಲಾಗನ್ನು ಬಾಯಿಪಾಠ ಮಾಡುವುದಿಲ್ಲ. ದಿನಕ್ಕೆ ಇಪ್ಪತ್ತು ಪುಟ ಯಾರ ತಲೆಯಲ್ಲಿ ನಿಂತೀತು? ಕ್ಯಾಮೆರಾದ ಪಕ್ಕ ನಿಂತು ಪ್ರಾಂಪ್ಟರ್ ಒಂದೊಂದೇ ತುಂಡು ಮೆಲ್ಲಗೆ ಹೇಳಿಕೊಡುತ್ತಾರೆ, ನಾವು ಹಿಂದೆಯೇ ಜೋರಾಗಿ ಹೇಳುತ್ತೇವೆ. ನಮ್ಮ ಸೆಟ್ಟಿನ ಪ್ರಾಂಪ್ಟರಿಗೆ ಎಲ್ಲರೂ ಪಿಸುಮಾವ ಅನ್ನುತ್ತಾರೆ. ಅವರ ಮಾತು ನನ್ನ ಕಿವಿಯಲ್ಲಿ ಹೊಕ್ಕು ಬಾಯಲ್ಲಿ ಹೊರಡುತ್ತದೆ. ನಡುವೆ ಎಲ್ಲೂ ನಿಲ್ಲುವುದಿಲ್ಲ.

ಆ ಮಂಗಳವಾರ ನನ್ನ ಪಾತ್ರದ ತಾಯಿ, ತೆರೆಯ ಮೇಲೆ ಒಮ್ಮೆಯೂ ಬಾರದವಳು, ತೀರಿಹೋಗಿದ್ದಳು. ನಾನು ತವರಿಗೆ ಬಂದು ಫೋಟೋದ ಮುಂದೆ ನಿಂತು ಅಳಬೇಕು. ಮೊಳೆಯಣ್ಣ ಯಾರದೋ ಅಜ್ಜಿಯ ಫೋಟೋ ಹಾಕಿದ್ದ. ಒಂದು ಟೇಕ್ ಆಯಿತು, ಎರಡಾಯಿತು, ಆರಾಯಿತು. ಕಣ್ಣು ಉರಿಯಿತೇ ಹೊರತು ಒಂದು ಹನಿ ಇಲ್ಲ. ಡೈರೆಕ್ಟರು ಗಡಿಯಾರ ನೋಡಿ ಹೇಳಿದರು, "ಗುರುವಾರ ಪ್ರಸಾರ ಮೇಡಂ. ಇವತ್ತು ನೀವು ಅಳದೇ ಹೋದ್ರೆ ನಾಳೆ ನಾನು ಅಳ್ತೀನಿ."

ಹತ್ತು ನಿಮಿಷ ಕೇಳಿಕೊಂಡು ಮೇಕಪ್ ರೂಮಿಗೆ ಹೋದೆ. ಫೋನಿನಲ್ಲಿ ಅಮ್ಮನ ಎರಡು ಮಿಸ್ಡ್ ಕಾಲ್ ಇದ್ದವು, ಹೆಸರಿನ ಜೊತೆ ಅವಳ ಫೋಟೋ. ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾಳೆ, ಕತ್ತಿಗೆ ಅಳತೆ ಟೇಪು, ಕೂದಲು ಕೆದರಿದೆ, ಏನೋ ಹೇಳಲು ಬಾಯಿ ತೆರೆದಿದ್ದಾಳೆ. ಎರಡು ವರ್ಷದ ಹಿಂದೆ ನಾನೇ ತೆಗೆದದ್ದು. ಆಮೇಲೆ ಅತ್ತ ಹೋಗಿರಲಿಲ್ಲ. ಕಣ್ಣು ತೇವವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತೇವವಾದ ಮರುಕ್ಷಣ ನನಗೆ ಹೊಳೆದದ್ದು ಅಮ್ಮನಿಗೆ ಫೋನ್ ಮಾಡಬೇಕು ಎಂದಲ್ಲ. ಇದು ಕೆಲಸಕ್ಕೆ ಬರುತ್ತದೆ ಎಂದು.

"ಇದನ್ನ ಹಾಕಿ," ಎಂದು ಮೊಳೆಯಣ್ಣನಿಗೆ ತೋರಿಸಿದೆ.

"ಯಾರು ಮೇಡಂ ಇವರು?"

"ನಮ್ಮ ದೊಡ್ಡಮ್ಮ. ದೂರದವರು. ಹೋಗಿ ಬಹಳ ವರ್ಷ ಆಯ್ತು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಪಿಸುಮಾವ ಹೇಳಿಕೊಟ್ಟ ಹಾಗೆ ಬಂತು. ಅಮ್ಮ ಎಂದಿದ್ದರೆ ಅವನು ಮುಟ್ಟುತ್ತಿರಲಿಲ್ಲ. ಅಷ್ಟೇ ಅಲ್ಲ. ಹಿಂದೊಮ್ಮೆ ಪತ್ರಿಕೆಯವರ ಮುಂದೆ ನಮ್ಮ ತಾಯಿಯದು ಬಟ್ಟೆ ಉದ್ಯಮ ಎಂದಿದ್ದೆ. ಪ್ಯಾಂಟಿನ ಉದ್ದ ಮೊಟಕು ಮಾಡುವುದು, ಜಿಪ್ಪು ಬದಲಾಯಿಸುವುದು, ಇದು ಅವಳ ಉದ್ಯಮ.

ಮೊಳೆಯಣ್ಣ ಕಂಪ್ಯೂಟರ್ ಮುಂದೆ ಕೂತ. "ಬಂಗಲೆ ಯಜಮಾನಿ ಕತ್ತಲ್ಲಿ ಟೇಪ್ ಇರಬಾರದಲ್ವಾ? ತೆಗೀತೀನಿ." ಮೆಷಿನ್ನೂ ಹೋಯಿತು, ಟೇಪೂ ಹೋಯಿತು, ಕೆದರಿದ ಕೂದಲು ನುಣ್ಣಗಾಯಿತು. ಪ್ರಿಂಟ್ ಬಂತು, ಚಿನ್ನದ ಬಣ್ಣದ ಚೌಕಟ್ಟು ಬಂತು, ಅಮ್ಮ ಗೋಡೆಗೇರಿದಳು.

ಏಳನೇ ಟೇಕಿಗೆ ಓಕೆ. ಅಳು ನಿಲ್ಲಲೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಸುಮಾವ ಮಾತ್ರ ಹತ್ತಿರ ಬಂದು, ಯಾವತ್ತಿನ ಹಾಗೆ ಮೆಲ್ಲಗೆ, "ದೊಡ್ಡಮ್ಮನ ಮೂಗು, ನಿನ್ನ ಮೂಗು ಒಂದೇ ಅಚ್ಚು ಕಣಮ್ಮ," ಎಂದರು. ನಾನು ಕೇಳಿಸದವಳ ಹಾಗೆ ನೀರು ಕುಡಿದೆ.

ಆಗ ನೆನಪಾಯಿತು, ಅಮ್ಮ ಒಂದು ದಿನವೂ ನನ್ನ ಧಾರಾವಾಹಿ ತಪ್ಪಿಸಿದವಳಲ್ಲ. ಡೈರೆಕ್ಟರ ಹತ್ತಿರ ಓಡಿದೆ. ಫೋಟೋ ಬದಲಾಯಿಸಿ ಇನ್ನೊಂದು ಸಲ ತೆಗೆಯೋಣ ಎಂದೆ. "ಇಂಥ ಅಳು ಬಂದಿದೆ, ಇದನ್ನ ಯಾರಾದ್ರೂ ಎಸೀತಾರಾ?" ಎಂದು ನನ್ನ ಬೆನ್ನು ತಟ್ಟಿದರು.

ಗುರುವಾರ ರಜೆ ಹಾಕಿ ಬೆಳಗ್ಗೆಯೇ ಬಸ್ಸು ಹಿಡಿದೆ. ಸಂಜೆ ಆರೂವರೆಗೆ ಪ್ರಸಾರ. ಅದಕ್ಕೆ ಮೊದಲು ನಾನೇ ಬಾಯಿಬಿಟ್ಟು ಹೇಳಬೇಕು. ಅಮ್ಮ ಅದನ್ನು ಟೀವಿಯಿಂದ ತಿಳಿಯಬಾರದು. ದಾರಿಯುದ್ದಕ್ಕೂ ಅದೊಂದೇ.

ಅಮ್ಮನದು ಲಾಂಡ್ರಿ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಕಿಟಕಿ ಪಕ್ಕ ಮೆಷಿನ್, ಕುರ್ಚಿಯ ಮೇಲೆ ಚೀಟಿ ಚುಚ್ಚಿದ ಪ್ಯಾಂಟುಗಳ ರಾಶಿ. ಬಾಗಿಲು ತೆರೆದವಳು ನನ್ನ ನೋಡಿ ಕೈಯಲ್ಲಿದ್ದ ಕತ್ತರಿ ಕೆಳಗಿಡುವುದನ್ನೂ ಮರೆತಳು.

"ಪುಟ್ಟಿ, ನೀನಾ? ಶೂಟಿಂಗ್ ಇಲ್ವಾ? ಕೆಲಸದಿಂದ ತೆಗೆದು ಹಾಕಿದ್ರಾ?"

"ಇಲ್ಲಮ್ಮ. ಸುಮ್ನೆ ಬಂದೆ. ನಿನ್ನ ನೋಡೋಣ ಅಂತ."

ಆ ಮಾತಿಗೆ ಅವಳ ಮುಖ ಅರಳಿದ್ದು ನೋಡಬೇಕಿತ್ತು. ಇನ್ನು ಹೇಳುವುದು ಹೇಗೆ? ಊಟವಾದ ಮೇಲೆ ಹೇಳುತ್ತೇನೆ ಅಂದುಕೊಂಡೆ. ಊಟವಾಯಿತು. ಅವಳು ಒಂದು ಗಳಿಗೆ ಮಲಗಲಿ, ಎದ್ದ ಮೇಲೆ ಅಂದುಕೊಂಡೆ. ಅವಳು ಮಲಗಲೇ ಇಲ್ಲ, ಎರಡು ವರ್ಷದ ಸುದ್ದಿಯನ್ನೆಲ್ಲ ಬಡಿಸಿದಳು. ಐದೂವರೆಗೆ ನಾನು ಮಾಡಿದ ಘನಕಾರ್ಯ ಕೇಳಿ: ಟೀವಿ ರಿಮೋಟನ್ನು ಗುಂಡಿ ಡಬ್ಬಿಯೊಳಗೆ, ಗುಂಡಿಗಳ ಅಡಿಗೆ ಬಚ್ಚಿಟ್ಟೆ. ನಲವತ್ತೆರಡು ವರ್ಷದ ಹೆಂಗಸು.

ಆರೂ ಇಪ್ಪತ್ತಕ್ಕೆ ಎದುರುಮನೆ ಅಕ್ಕ ಬಂದರು. ದಿನಾ ಇಬ್ಬರೂ ಒಟ್ಟಿಗೆ ಕೂತೇ ನೋಡುವುದಂತೆ. ಅಮ್ಮ ರಿಮೋಟಿಗೆ ತಡಕಾಡಿದಳು.

"ನೋಡು, ನಿಮ್ಮ ಉದ್ಯಮಿ ತಾಯಿ ರಿಮೋಟ್ ಕಳ್ಕೊಂಡಿದಾರೆ," ಎಂದು ಅಕ್ಕ ನಕ್ಕರು. ಆ ಪತ್ರಿಕೆಯ ತುಣುಕನ್ನು ಅಮ್ಮ ಇವರಿಗೂ ತೋರಿಸಿದ್ದಳು, ಇಬ್ಬರೂ ಅದನ್ನೇ ತಮಾಷೆ ಮಾಡಿಕೊಂಡಿದ್ದರು ಎಂದು ಆಗ ಗೊತ್ತಾಯಿತು.

"ಇವತ್ತೊಂದಿನ ಬೇಡ ಬಿಡಮ್ಮ," ಎಂದೆ. "ನಾನೇ ಇದೀನಲ್ಲ."

"ನೀನು ಇಲ್ಲೂ ಇರು, ಅಲ್ಲೂ ಇರು. ರಿಮೋಟ್ ಹುಟ್ಟೋಕೆ ಮುಂಚೆ ಟೀವಿ ನೋಡ್ತಿರಲಿಲ್ವಾ ನಾವು?" ಅಮ್ಮ ಎದ್ದುಹೋಗಿ ಟೀವಿಯ ಪಕ್ಕದ ಗುಂಡಿಯನ್ನೇ ಒತ್ತಿದಳು.

"ಅಮ್ಮ, ಒಂದು ಮಾತು ಹೇಳ್ಬೇಕು."

"ಬ್ರೇಕಲ್ಲಿ ಹೇಳು."

ಬ್ರೇಕು ಬರುವ ಮೊದಲೇ ಆ ದೃಶ್ಯ ಬಂತು. ಬಂಗಲೆ, ಮೆಟ್ಟಿಲು, ನಾನು, ಗೋಡೆ. ಕ್ಯಾಮೆರಾ ಮೆಲ್ಲಗೆ ಫೋಟೋದ ಹತ್ತಿರ ಹೋಯಿತು. ಟೀವಿಯೊಳಗಿನ ನಾನು ಬಿಕ್ಕುತ್ತಿದ್ದೆ. "ಅಮ್ಮಾ, ನೀನು ಕರೆದಾಗಲೆಲ್ಲ ನಾಳೆ ಬರ್ತೀನಿ ಅಂದೆ. ಈಗ ನಾನು ಬಂದಿದೀನಿ. ನೀನಿಲ್ಲ."

ಎದುರುಮನೆ ಅಕ್ಕ ಒಮ್ಮೆ ಗೋಡೆಯ ಮೇಲಿನ ಅಮ್ಮನನ್ನು, ಒಮ್ಮೆ ಕುರ್ಚಿಯ ಮೇಲಿನ ಅಮ್ಮನನ್ನು ನೋಡಿದರು. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ," ಎಂದು ಎದ್ದು ಹೋದರು.

ಅಮ್ಮ ಕತ್ತು ಸವರಿಕೊಂಡಳು. "ನನ್ನ ಟೇಪೆಲ್ಲಿ?" ಎಂದಳು.

ನಾನು ನೆಲ ನೋಡಿದೆ.

"ಅಲ್ಲ ಕಣೇ, ಈ ಫೋಟೋ ನೀನು ತೆಗೆದಾಗ ಕತ್ತಲ್ಲಿ ಟೇಪಿತ್ತು."

"ತೆಗೆದ್ರಮ್ಮ. ಪಾತ್ರಕ್ಕೆ... ಹೊಂದಲ್ಲ ಅಂತ."

"ಓಹೋ." ಅಮ್ಮ ಟೀವಿ ಆರಿಸಿದಳು. ಮೆಷಿನ್ ಮುಂದೆ ಕೂತು ಒಂದು ಪ್ಯಾಂಟು ಎಳೆದುಕೊಂಡಳು. "ಅಳು ನಿಜದ್ದಾ, ಔಷಧಿದಾ?"

"ನಿಜದ್ದು."

"ಹಂಗಾದ್ರೆ ನಾನು ಹೋದ್ರೆ ನೀನು ಅಳ್ತೀಯ. ಬದುಕಿರುವಾಗ್ಲೇ ಇದು ಗೊತ್ತಾಗೋ ಭಾಗ್ಯ ಎಷ್ಟು ಜನಕ್ಕಿದೆ." ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ. "ಅವರಿಗೆ ಯಾರು ಅಂತ ಹೇಳ್ದೆ?"

ಇದೊಂದನ್ನು ಕೇಳದಿರಲಿ ಎಂದು ಬಸ್ಸಿನಲ್ಲಿ ಆರು ಗಂಟೆ ಕಾಲ ಬೇಡಿಕೊಂಡಿದ್ದೆ.

"ದೊಡ್ಡಮ್ಮ ಅಂತ. ದೂರದ ದೊಡ್ಡಮ್ಮ."

ಮೆಷಿನ್ ಎರಡು ಸಲ ತಿರುಗಿ ನಿಂತಿತು. "ಫೋಟೋ ಹಾಕಿದ್ದು ಇರ್ಲಿ," ಎಂದಳು ಅಮ್ಮ. "ನಿನ್ನ ಹೊಟ್ಟೆಪಾಡು ಅದು. ಸಾಯಿಸಿದ್ದೂ ಇರ್ಲಿ. ಅಮ್ಮ ಅಂತ ಹೇಳಿ ಸಾಯಿಸ್ಬೇಕಿತ್ತು. ಆ ಫೋಟೋ ಹಾಕಿದೋನಿಗೆ ಫೋನ್ ಮಾಡು."

ಮಾಡಿದೆ. ಸ್ಪೀಕರ್ ಒತ್ತು ಎಂದಳು, ಒತ್ತಿದೆ.

"ಮೊಳೆಯಣ್ಣ, ಆ ಫೋಟೋದಲ್ಲಿರೋದು ನಮ್ಮ ದೊಡ್ಡಮ್ಮ ಅಲ್ಲ. ನಮ್ಮಮ್ಮ. ಇದಾರೆ. ಇಲ್ಲೇ ಪಕ್ಕದಲ್ಲಿದಾರೆ."

ಆ ಕಡೆ ಮೊಳೆಗಳು ಒಂದೊಂದಾಗಿ ಡಬ್ಬಿಗೆ ಬೀಳುವ ಸದ್ದು ಕೇಳಿಸಿತು. ಬಾಯಿ ಖಾಲಿಯಾದ ಮೇಲೆ ಅವನ ದನಿಯೇ ಬೇರೆಯಾಗಿತ್ತು. "ನನ್ನ ಕೈಯಲ್ಲಿ ಇಂಥ ಕೆಲಸ ಮಾಡಿಸಿಬಿಟ್ರಲ್ಲ ಮೇಡಂ. ಒಂದೇ ಒಂದು ನಿಯಮ ಇಟ್ಕೊಂಡಿದ್ದೆ. ನೀವು ಹೇಳಿದ್ರಿ ಅಂತ ನಂಬಿದೆ."

ಅಮ್ಮ ಫೋನಿನ ಕಡೆ ಬಾಗಿದಳು. "ನಿನ್ನದೇನೂ ತಪ್ಪಿಲ್ಲಪ್ಪ. ಟೇಪು ತೆಗೆದಿದ್ದು ಮಾತ್ರ ಬಹಳ ನೀಟಾಗಿದೆ, ಹೊಲಿಗೆ ಬಿಚ್ಚಿದ ಗುರುತೇ ಇಲ್ಲ. ಅದನ್ನ ವಾಪಸ್ ಹಾಕೋಕಾಗುತ್ತಾ?"

"ಆಗಲ್ಲಮ್ಮ," ಎಂದ ಅವನು, ಅಳುವವನ ಹಾಗೆ. "ಪ್ರಸಾರ ಆಗೋಯ್ತು. ಒಂದ್ಸಲ ಜನ ನೋಡಿದ್ಮೇಲೆ ಬದಲಾಯಿಸೋ ಹಾಗಿಲ್ಲ. ಧಾರಾವಾಹಿ ಮುಗಿಯೋವರೆಗೂ ನೀವು ಹಂಗೇ ಇರ್ಬೇಕು."

"ಎಷ್ಟು ದಿನ?"

"ಇನ್ನೆರಡು ವರ್ಷ ಎಳೀಬಹುದು."

"ಸರಿ ಬಿಡು. ಎರಡು ವರ್ಷ ಕಾಯೋದು ನಂಗೆ ಅಭ್ಯಾಸ ಇದೆ," ಎಂದಳು ಅಮ್ಮ.

ಫೋನಿಟ್ಟ ಮೇಲೆ ಕೋಣೆಯಲ್ಲಿ ನಾವಿಬ್ಬರೇ. ಅವಳು ನನ್ನ ಕಡೆ ತಿರುಗಿದಳು.

"ಟೀವಿಲಿ ಒಂದು ಮಾತು ಹೇಳಿದ್ಯಲ್ಲ. ಅದನ್ನ ಇಲ್ಲಿ ಹೇಳು."

ಎದ್ದು ನಿಂತೆ. ನಿಂತದ್ದೂ ಸೆಟ್ಟಿನಲ್ಲಿ ಗುರುತು ಹಾಕಿದ ಜಾಗದಲ್ಲಿ ನಿಂತ ಹಾಗೆ. ಬಾಯಿ ತೆರೆದೆ. ಕಿವಿ ತಾನಾಗಿ ಎಡಕ್ಕೆ ವಾಲಿತು, ಪಿಸುಮಾವ ನಿಲ್ಲುವ ಕಡೆಗೆ. ಅಲ್ಲಿ ಪ್ಯಾಂಟಿನ ರಾಶಿ ಇತ್ತು.

"ನೆನಪಿಲ್ಲಮ್ಮ," ಎಂದೆ.

"ಮೊನ್ನೆ ಹೇಳಿದ್ದು?"

"ಅದು ನಾವು... ಯಾರೋ ಹೇಳಿಕೊಡ್ತಾರೆ. ಹಿಂದೇನೇ ಹೇಳ್ತೀವಿ. ನಿಲ್ಲಲ್ಲ."

ಅಮ್ಮ ಮತ್ತೆ ಮೆಷಿನ್ ಕಡೆ ತಿರುಗಿದಳು. ಆಮೇಲೆ ಬಟ್ಟೆಯ ಮೇಲೆ ಬಗ್ಗಿ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದಳು, "ಅಮ್ಮಾ, ನೀನು ಕರೆದಾಗಲೆಲ್ಲ."

"ಅಮ್ಮಾ, ನೀನು ಕರೆದಾಗಲೆಲ್ಲ," ಎಂದೆ.

"ನಾಳೆ ಬರ್ತೀನಿ ಅಂದೆ."

"ನಾಳೆ ಬರ್ತೀನಿ ಅಂದೆ."

"ಈಗ ನಾನು ಬಂದಿದೀನಿ."

"ಈಗ ನಾನು ಬಂದಿದೀನಿ."

ಇನ್ನೊಂದು ತುಂಡು ಉಳಿದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಅಮ್ಮ ಅದನ್ನು ಹೇಳಿಕೊಡಲಿಲ್ಲ. ನಾನು ನಿಂತೇ ಇದ್ದೆ. ಫೋಟೋದ ಮುಂದೆ ಧಾರೆಯಾಗಿ ಬಂದ ಅಳು ಅವಳ ಮುಂದೆ ಒಂದು ಹನಿಯೂ ಬರಲಿಲ್ಲ. ಮುಖ ಮಾತ್ರ ಸುಡುತ್ತಿತ್ತು.

"ನಿಂತ್ಕೊಂಡೇ ಇರ್ಬೇಡ," ಎಂದಳು. ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದಳು. "ಪೋಣಿಸಿಕೊಡು, ನಂಗೆ ಕಾಣ್ಸಲ್ಲ. ಹಂಗೇ ಆ ಗುಂಡಿ ಡಬ್ಬಿಯಿಂದ ರಿಮೋಟ್ ತೆಗೆದಿಡು."