ಕಾಮಾಕ್ಷಮ್ಮನವರ ನೀಲಿ ಡ್ರಮ್

ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ನಾನೇ ಡೈರಿಗೆ ಹಾಲು ಹಾಕಿ ಬಂದೆ. ಸಾಲಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದಾಗ ಅತ್ತೆ ಶಕುಂತಲಮ್ಮ ಅಂಗಳದಲ್ಲಿ ನೀಲಿ ಡ್ರಮ್ ತೊಳೆಯುತ್ತಿದ್ದರು.

“ಪಕ್ಕದ ಕಾಮಾಕ್ಷಮ್ಮಂದು. ಅವನು ಕೇಳಿ ತಂದಿದ್ದ,” ಎಂದರು. “ಸತ್ತವನು ತಂದ ಸಾಮಾನು ಮನೇಲಿ ಉಳೀಬಾರ್ದು. ಸಂಜೆಯೊಳಗೆ ವಾಪಸ್ ಹೋಗ್ಲಿ. ಅವರಿಗೂ ನಾಳೆ ಬೇಕಂತೆ, ಮಗಳು ಆಶಾರಾಣಿ ಸೀಮಂತಕ್ಕೆ.”

ಅವನೆಂದರೆ ನನ್ನ ಗಂಡ ಕೀರ್ತಿಕುಮಾರ್. ಶಿರಂಗಾಲದ ನಮ್ಮ ಹೊಲದ ಅರ್ಧಕ್ಕೆ ಶುಂಠಿ ನೆಟ್ಟಿದ್ದ. ಉಳಿದರ್ಧಕ್ಕೆ ಬೀಜ ತರಲು ಹೋದಾಗ ಕೂಡಿಗೆಯ ತಿರುವಿನಲ್ಲಿ ಬೈಕ್ ಜಾರಿತು.

ಆ ಡ್ರಮ್ ನಮ್ಮ ಬೀದಿಗೆಲ್ಲ ಗೊತ್ತು. ಯಾರ ಮನೆಯಲ್ಲಿ ಏನೇ ಸಮಾರಂಭ ಇದ್ದರೂ ಕುಡಿಯುವ ನೀರು ತುಂಬಿಡುವುದು ಅದರಲ್ಲೇ. ನಾನು ತವರಿಗೆ ಹೋಗಿದ್ದಾಗ ಕೀರ್ತಿ ಅದನ್ನು ತಂದು ಬೀಜದ ಶುಂಠಿ ಅದ್ದಿದ್ದ. ಇಲ್ಲಿ ಶುಂಠಿಯನ್ನು ಹಾಗೇ ನೆಡುವುದಿಲ್ಲ. ಕೊಳೆಯದಿರಲಿ, ಹುಳು ಹಿಡಿಯದಿರಲಿ ಎಂದು ಔಷಧಿ ಬೆರೆಸಿದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ನೆಡುತ್ತಾರೆ.

ಮೈಸೂರಿನಲ್ಲಿ ಪರಿಸರ ವಿಜ್ಞಾನ ಓದುವಾಗ ಕೊಂಡ ವಿಷ ರಾಸಾಯನಿಕಗಳ ಪುಸ್ತಕ ಕಪಾಟಿನಲ್ಲಿತ್ತು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಔಷಧಿ ಡಬ್ಬಿಯ ಹೆಸರನ್ನು ಅದರಲ್ಲಿ ಹುಡುಕಿದೆ. ಇತ್ತು. ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ಎಷ್ಟಕ್ಕೆ ಮೀನು ಸಾಯುತ್ತದೆ, ಎಲ್ಲ ಇತ್ತು. ಬಸುರಿ ಇಲಿಗಳ ಮೇಲೆ ಮಾಡಿದ ಪ್ರಯೋಗದ ಪುಟವನ್ನು ಮತ್ತೆ ಓದಿದೆ. ಪ್ಲಾಸ್ಟಿಕ್ ಡ್ರಮ್ ತೊಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದು ಎಲ್ಲೂ ಇರಲಿಲ್ಲ.

ಸೋಪು ಹಾಕಿ ತೊಳೆದೆ. ಬೂದಿ ಹಾಕಿ ತಿಕ್ಕಿದೆ. ಮುಚ್ಚಳ ಬಿಗಿದು ಬಿಸಿಲಿನಲ್ಲಿಟ್ಟೆ. ಮಧ್ಯಾಹ್ನ ತೆರೆದಾಗ ವಾಸನೆ ಮೂಗಿಗೆ ಹೊಡೆಯಿತು. ಅತ್ತೆ ಬಗ್ಗಿ ಮೂಸಿ, ಏನೂ ಇಲ್ಲ ಎಂದರು. ಅವನು ಹೋದಾಗಿನಿಂದ ನನಗೆ ಅನ್ನದ ವಾಸನೆಯೂ ಸರಿಯಾಗಿ ಬರುತ್ತಿರಲಿಲ್ಲ. ನನ್ನನ್ನೇ ನಂಬಲಾಗಲಿಲ್ಲ. ಮುಚ್ಚಿದೆ, ತೆರೆದೆ. ಮತ್ತೆ ಮುಚ್ಚಿದೆ.

ಬೇಲಿಯ ಹತ್ತಿರ ಹೋಗಿ ಕಾಮಾಕ್ಷಮ್ಮನವರನ್ನು ಕರೆದೆ.

“ದೊಡ್ಡಮ್ಮ, ಆ ಡ್ರಮ್ಮಲ್ಲಿ ಕುಡಿಯೋ ನೀರು ಬೇಡ. ಅವರು ಶುಂಠಿಗೆ ಔಷಧಿ ಕಲಸಿದ್ರು.”

“ಗೊತ್ತು ಕಣವ್ವ. ಹುಣಸೇಹಣ್ಣು ಹಾಕಿ ತಿಕ್ಕಿದ್ರೆ ಹೋಯ್ತದೆ. ನಮ್ಮನೆಯವ್ರೂ ಅದರಲ್ಲೇ ಅದ್ದಿದ್ರು. ಆಮೇಲೆ ನಿನ್ನ ಮದುವೆ ಮಜ್ಜಿಗೆ ಮಾಡಿದ್ದೂ ಅದರಲ್ಲೇ. ಇನ್ನೊಂದು ಲೋಟ ಕೊಡಿ ಅಂತ ಕೇಳಿ ಕುಡಿದಿದ್ದೆ ನೀನು!” ನಕ್ಕವರು, ನಗಬಾರದೆಂದು ನೆನಪಾಗಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಆಶಾರಾಣಿ ಬಸುರಿ, ದೊಡ್ಡಮ್ಮ.”

ಅವರ ಮುಖ ಬಿಗಿಯಿತು. “ನಾಳೆ ಶುಭಕಾರ್ಯ ಮಗ. ಇವತ್ತು ನಿನ್ನ ಬಾಯಲ್ಲಿ ಇಂಥ ಮಾತು ಬರಬಾರ್ದು.”

“ನಮ್ಮ ತಾಮ್ರದ ಹಂಡೆ ಕೊಡ್ತೀನಿ.”

“ನಿಮ್ಮನೆ ಹಂಡೆ ಈಗ ಬೇಡ ಕಣವ್ವ. ಬೇಜಾರು ಮಾಡ್ಕೋಬೇಡ. ಡ್ರಮ್ ನಮ್ದೇ ಅಲ್ವಾ, ಇನ್ನೊಂದ್ಸಲ ತೊಳ್ಕೋತೀವಿ.”

ಹಿಂದಿರುಗಿ ನೋಡಿದರೆ ಅತ್ತೆ ಡ್ರಮ್ಮಿನೊಳಗೆ ಒಂದು ಸೇರು ಅಕ್ಕಿ ಸುರಿದು, ಮೇಲೊಂದು ಅಚ್ಚು ಬೆಲ್ಲ ಇಟ್ಟಿದ್ದರು. ಕೇಳಿ ತಂದ ಪಾತ್ರೆಯನ್ನು ನಾವು ಬರಿದಾಗಿ ಕೊಡುವುದಿಲ್ಲ.

“ಆಶಾಗೆ ಪಾಯಸ ಮಾಡ್ಕೊಡ್ಲಿ,” ಎಂದರು ಅತ್ತೆ.

ಡ್ರಮ್ ಉರುಳಿಸಿದೆ. ಅಕ್ಕಿ ಅಂಗಳಕ್ಕೆ ಚೆಲ್ಲಿತು. ಕೋಳಿಗಳು ಓಡಿಬಂದವು. ಅವನ್ನು ಅಟ್ಟಿ, ಅಕ್ಕಿ ಬೆಲ್ಲ ಎಲ್ಲವನ್ನೂ ಗುಡಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ.

“ಅನ್ನ ಕಣೇ ಅದು!” ಅತ್ತೆ ಕೂಗಿದರು.

ಕೀರ್ತಿ ಕೊಂಬೆ ಸವರುತ್ತಿದ್ದ ಗರಗಸ ತಂದು ಡ್ರಮ್ಮಿನ ತಳ ಕುಯ್ಯತೊಡಗಿದೆ. ಗಟ್ಟಿಯಿತ್ತು. ನಡುವೆ ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಅನ್ನಿಸಿ ನಿಲ್ಲಿಸಲಿಲ್ಲ.

“ಹೋದ ಮೇಲೂ ಅವನಿಗೆ ಕೆಟ್ಟ ಹೆಸರು ತರ್ತೀಯಲ್ಲೇ ದಿವ್ಯಾ. ತಂದಿದ್ದನ್ನ ಹಾಳು ಮಾಡಿ ಕೊಟ್ಟ ಅಂತಾರೆ ಜನ.”

“ಅಂತಾರೆ ಅತ್ತೆ.”

ತಳ ಕಳಚಿತು. ಒಗೆದಿಟ್ಟ ಬಟ್ಟೆಯಲ್ಲಿ ಬೇರೆ ಅಕ್ಕಿ, ಬೇರೆ ಬೆಲ್ಲ ಕಟ್ಟಿಕೊಂಡು, ಡ್ರಮ್ಮನ್ನು ರಸ್ತೆಯಲ್ಲಿ ಉರುಳಿಸಿಕೊಂಡು ಹೋದೆ. ಕಾಮಾಕ್ಷಮ್ಮನವರು ಗೇಟಿಗೆ ಮಾವಿನ ಎಲೆ ಕಟ್ಟುತ್ತಿದ್ದರು. ನಾನು ಹೊರಗೇ ನಿಂತೆ. ಗಂಟನ್ನು ಗೇಟಿನ ಕಂಬದ ಮೇಲಿಟ್ಟೆ.

“ಅವರು ತಂದಿದ್ದು, ದೊಡ್ಡಮ್ಮ. ವಾಪಸ್ ತಂದಿದೀನಿ.”

ಅವರು ಡ್ರಮ್ಮಿನ ಈ ತುದಿಯಿಂದ ನೋಡಿದರು. ಆ ಕಡೆ ರಸ್ತೆ ಕಾಣುತ್ತಿತ್ತು. “ಅಯ್ಯೋ, ಇದೇನವ್ವ ಮಾಡ್ದೆ? ತಲೆ ಗಿಲೆ ಕೆಟ್ಟಿದೆಯಾ ನಿಂಗೆ?”

ಗಲಾಟೆ ಕೇಳಿ ಆಶಾರಾಣಿ ಹೊರಬಂದಳು. ಒಂದು ಕೈ ಸೊಂಟದ ಮೇಲೆ. ಇನ್ನೊಂದನ್ನು ಡ್ರಮ್ಮಿನೊಳಗೆ ತೂರಿಸಿ, ಕುಯ್ದ ಅಂಚನ್ನು ಸವರಿ ನೋಡಿದಳು.

“ಇನ್ನು ಇದರಲ್ಲಿ ನೀರು ನಿಲ್ಲಲ್ವಲ್ಲ ಅಕ್ಕ.”

“ನಿಲ್ಲಲ್ಲ,” ಎಂದೆ. “ಹೋಗು, ಕೈ ತೊಳ್ಕೋ.”