ಕರಿಬೇವಿನ ಬುಡಕ್ಕೆ ಬಿದ್ದ ಗುಳಿಗೆ

ಅಕ್ಕಂದಿರೇ, ಅವ್ವಂದಿರೇ, ಕೈಯಲ್ಲಿನ ಕೆಲಸ ಬಿಡಬೇಡಿ. ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಕೇಳಬಹುದಾದ ಕಥೆ ಇದು. ಕುಷ್ಟಗಿ ಕಡೆಯ ನಮ್ಮೂರಿನ ಮಾರೆವ್ವನದು. ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ‘ಹೇಳು, ಆದ್ರ ನನ್ನ ಶಾಣ್ಯಾತನಾನೂ ಒಂದೀಟು ಹೇಳು’ ಎಂಬುದು ಅವಳ ಕರಾರು. ಹಾಗಾಗಿ ಆ ಜಾಣತನವನ್ನೇ ಮೊದಲು ಹೇಳಿ ಮುಗಿಸುತ್ತೇನೆ.

ಮಾರೆವ್ವ ನಮ್ಮ ಜೊತೆ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ ಮಾಡುವವಳು. ಪರದೆ ಕಟ್ಟಿದ ಟೊಮೆಟೊ ಹೊಲದಲ್ಲಿ, ಗಂಡು ಗಿಡದ ಹೂಪುಡಿಯನ್ನು ಬೆರಳಿನ ಉಂಗುರದಲ್ಲಿ ತುಂಬಿಕೊಂಡು, ಹೆಣ್ಣು ಗಿಡದ ಒಂದೊಂದು ಹೂವಿಗೂ ಮುಟ್ಟಿಸುತ್ತಾ ಹೋಗಬೇಕು. ಮುಟ್ಟಿಸಿದ ಹೂವಿಗೆ ಗುರುತಿಗೆ ನೂಲು ಕಟ್ಟಬೇಕು. ಬಿಸಿಲು ಜೋರಾಗುವ ಮುಂಚೆ ಎಲ್ಲ ಮುಗಿಯಬೇಕು. ಈ ಕೆಲಸದಲ್ಲಿ ಮಾರೆವ್ವನನ್ನು ಸರಿಗಟ್ಟುವವರು ನಮ್ಮಲ್ಲಿ ಇಲ್ಲ. ಅವಳ ಕಣ್ಣಂತೂ ಕೈಗಿಂತ ಚುರುಕು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಸಾಕು, ಪ್ಲಾಟಿನ ಮಾಲೀಕ ವಿರುಪಣ್ಣನನ್ನು ಕೂಗಿ ಕರೆಯುತ್ತಾಳೆ. ಗಿಡಕ್ಕೆ ಕಬ್ಬಿಣ ಕಡಿಮೆಯಾಗಿದೆ, ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಹೊಡೆಸಿ ಅನ್ನುತ್ತಾಳೆ. ಅವನು ಮರುಮಾತಾಡದೆ ಹೊಡೆಸುತ್ತಾನೆ. ಎಲೆ ಹಸಿರಾಗುತ್ತದೆ.

ಶಾಣ್ಯಾತನ ಮುಗಿಯಿತು. ಇನ್ನು ದೀಪದ ಬುಡದ ಕತ್ತಲೆಗೆ ಬರೋಣ.

ಅಂಥ ಮಾರೆವ್ವನ ಮನೆಯಲ್ಲಿ ಮಗಳು ಸಹನಾ ಬಾಣಂತಿಯಾಗಿ ಕೂತಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆಯಿತು. ಹೆಣ್ಣು ಕೂಸು, ಲಕ್ಷಣವಾಗಿದೆ. ಗಂಡ ತಿರುಮಲೇಶ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ಒಳ್ಳೆಯ ಹುಡುಗ. ಆದರೆ ಸಹನಾ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದಳು. ಕೂಸು ಅತ್ತರೆ ತಿರುಗಿ ನೋಡುತ್ತಿರಲಿಲ್ಲ. ಎತ್ತಿ ಮಡಿಲಿಗೆ ಹಾಕಿದರೆ ಹಾಲು ಕೊಡುತ್ತಿದ್ದಳು, ಕೊಡುತ್ತಾ ಅಳುತ್ತಿದ್ದಳು. ಯಾಕೆ ಅಂದರೆ ಗೊತ್ತಿಲ್ಲ ಅನ್ನುತ್ತಿದ್ದಳು. ಮದುವೆಗೆ ಮುಂಚೆ ಓಣಿಯನ್ನೆಲ್ಲ ನಗಿಸುತ್ತಿದ್ದ ಹುಡುಗಿ ಅದು.

ಹಸಿ ಮೈಗೆ ಗಾಳಿ ಸೋಕಿದೆ ಎಂದು ಮಾರೆವ್ವ ತಾನೇ ತೀರ್ಮಾನಿಸಿ ಬೂದಿ ಹಚ್ಚಿದಳು, ದೃಷ್ಟಿ ತೆಗೆದಳು. ಪಥ್ಯ ಇನ್ನಷ್ಟು ಬಿಗಿ ಮಾಡಿದಳು. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಅಷ್ಟೇ. ಸೊಪ್ಪು ತಂಪು ಎಂದು ಬಿಟ್ಟಳು, ಮಜ್ಜಿಗೆ ನೆಗಡಿ ಎಂದು ಬಿಟ್ಟಳು. ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದಂತೆ, ಅದಕ್ಕೆ ಗುಟುಕು ನೀರು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇದೇ ನಡೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಓಣಿಯವರು ಕೇಳಿದರೆ ‘ಮಕ್ಕೊಂಡಾಳ’ ಎಂಬ ಒಂದೇ ಉತ್ತರ. ಅಳಿಯ ಫೋನ್ ಮಾಡಿದರೂ ಅದೇ ಉತ್ತರ. ಮುಂದಿನ ತಿಂಗಳ ಹುಣ್ಣಿಮೆಗೆ ಬೀಗರು ಬಂದು ತಾಯಿ ಮಗುವನ್ನು ಗಂಗಾವತಿಗೆ ಕರೆದೊಯ್ಯುವ ದಿನ ನೋಡುವವರಿದ್ದರು. ಮಗಳಿಗೆ ಹುಚ್ಚು ಎಂಬ ಮಾತು ಅವರ ಕಿವಿಗೆ ಬಿದ್ದರೆ, ಕೂಸನ್ನು ಎತ್ತಿಕೊಂಡು ಹೋಗಿ ಮಗಳನ್ನು ಇಲ್ಲೇ ಬಿಟ್ಟುಬಿಟ್ಟಾರು ಎಂದು ಅವಳ ಹೆದರಿಕೆ. ಆ ಹೆದರಿಕೆಯಲ್ಲಿ ಅವಳು ಬಾಗಿಲು ಮುಂದೆ ಮಾಡಿಕೊಂಡೇ ಇರುತ್ತಿದ್ದಳು.

ನಮ್ಮೂರಿಗೆ ವಾರಕ್ಕೊಮ್ಮೆ ಒಂದು ಸೇವಾ ಸಂಸ್ಥೆಯ ವ್ಯಾನು ಬರುತ್ತದೆ. ರಕ್ತ ಪರೀಕ್ಷೆ ಮಾಡುತ್ತಾರೆ, ಬಿಪಿ ನೋಡುತ್ತಾರೆ, ಬಸುರಿ ಬಾಣಂತಿಯರಿಗೆ ಶೇಂಗಾ ಬೆಲ್ಲದ ಉಂಡಿ ಕೊಡುತ್ತಾರೆ. ಹಾಗಾಗಿ ಊರಲ್ಲಿ ಅದರ ಹೆಸರು ‘ಉಂಡಿ ಗಾಡಿ’. ಅದರಲ್ಲಿ ಡಾಕ್ಟರ ಜೊತೆ ನಾಹೀದಾ ಎಂಬ ಯಲಬುರ್ಗಾದ ಹುಡುಗಿ ಬರುತ್ತಾಳೆ. ಮನಸ್ಸು ಕುಗ್ಗಿದವರ ಜೊತೆ ಕೂತು ಮಾತಾಡುವುದು, ಮಾತಾಡಿಸುವುದು ಅವಳ ಕೆಲಸ. ‘ಮಾತಾಡಾಕ ಪಗಾರ ಕೊಡ್ತಾರಂತ, ನಮಗ ಯಾರೂ ಕೊಡವಲ್ರು’ ಎಂದು ಮಾರೆವ್ವ ಮೊದಲಿಗೆ ನಗೆಯಾಡಿದ್ದಳು. ಅದೇ ನಾಹೀದಾ ಬಾಣಂತಿಯನ್ನು ನೋಡಲು ಬಂದಾಗ ಅವಳಿಗೆ ನಗು ಬರಲಿಲ್ಲ. ಒಂದು ವಾರ ಹೊಸ್ತಿಲಿನಿಂದಲೇ ಸಾಗಹಾಕಿದಳು. ಮುಂದಿನ ವಾರ ಒಳಗಿನಿಂದ ಚಿಲಕ ಹಾಕಿಕೊಂಡಳು.

ಅದರ ಮುಂದಿನ ವಾರ ಬಿಸಿಲು ಸುಡುತ್ತಿತ್ತು. ನಾಹೀದಾ ಬಾಗಿಲು ಬಡಿಯಲಿಲ್ಲ. ಹಿತ್ತಲಿನ ಕರಿಬೇವಿನ ಗಿಡದ ನೆರಳಿಗೆ ಕೂತು ಕುಡಿಯಲು ನೀರು ಕೇಳಿದಳು. ನೀರು ಕೇಳಿದವರಿಗೆ ಇಲ್ಲ ಅನ್ನುವ ಮನೆಯಲ್ಲ ಅದು. ತುಂಬಿದ ತಂಬಿಗೆ ಬಂತು. ಕುಡಿದು ತಂಬಿಗೆ ಕೆಳಗಿಡುವಾಗ ಗಿಡದ ಬುಡದಲ್ಲಿ ಕೆಂಪಗೆ ಅರ್ಧ ಕರಗಿದ ಗುಳಿಗೆಗಳು ಅವಳ ಕಣ್ಣಿಗೆ ಬಿದ್ದವು.

‘ದೊಡ್ಡವ್ವ, ಗಿಡ ಭಾಳ ಛಲೋ ಬೆಳಸೀರಿ. ಬುಡಕ್ಕ ಏನ ಹಾಕ್ತೀರಿ?’

ಗಿಡದ ಸುದ್ದಿ ತೆಗೆದರೆ ಮಾರೆವ್ವ ತನ್ನ ಸಿಟ್ಟನ್ನೂ ಮರೆಯುತ್ತಾಳೆ. ಆಶಾ ಕಾರ್ಯಕರ್ತೆ ಸಹನಾಗೆಂದು ಕೆಂಪು ಗುಳಿಗೆ ಕೊಟ್ಟು ಹೋಗಿದ್ದಾಳೆ, ಅವು ಉಷ್ಣ, ನುಂಗಿದರೆ ಮಲ ಕಪ್ಪಗಾಗುತ್ತದೆ, ಬಾಣಂತಿಗೆ ಅಂಥದ್ದು ಕೊಡುವುದುಂಟೇ ಎಂದಳು. ಆದರೆ ಕೊಟ್ಟದ್ದನ್ನು ಚೆಲ್ಲುವುದು ಪಾಪ. ಅದರಲ್ಲಿ ಕಬ್ಬಿಣ ಇದೆ ಎಂದು ಆಶಾ ಹೇಳಿದ್ದು ನೆನಪಿತ್ತು. ಕಬ್ಬಿಣ ಎಲ್ಲಿ ಹಾಕಬೇಕೆಂದು ಮಾರೆವ್ವನಿಗೆ ಯಾರು ಹೇಳಿಕೊಡಬೇಕು? ಕರಿಬೇವಿನ ಎಲೆ ಬಣ್ಣಗೆಟ್ಟಿತ್ತು, ದಿನಾ ಒಂದು ಗುಳಿಗೆ ಬುಡಕ್ಕೆ ಹಾಕಿ ನೀರೆರೆದಳು.

‘ಯಾವ ಎಲಿಗೆ ಏನ ಕಡಿಮಿ ಆಗೈತಿ ಅಂತ ನೋಡಿದ ಕೂಡ್ಲೆ ಹೇಳ್ತೀನಿ ನಾ. ಬೇಕಾದ್ರ ವಿರುಪಣ್ಣಾರನ್ನ ಕೇಳು’ ಎಂದಳು.

ನಾಹೀದಾ ನಗಲಿಲ್ಲ. ನಾನಾಗಿದ್ದರೆ ನಕ್ಕು ಕೆಲಸ ಕೆಡಿಸುತ್ತಿದ್ದೆ.

‘ಹಂಗಾರ ಇನ್ನೊಂದು ನೋಡಿ ಹೇಳ್ರಿ ದೊಡ್ಡವ್ವ’ ಎಂದಳು. ‘ಸಹನಾನ್ನ ಇಲ್ಲಿ ಬೆಳಕಿಗೆ ಕರಕೊಂಡು ಬರ್ರಿ. ಆಕಿ ಕೆಳಗಿನ ಕಣ್ರೆಪ್ಪಿ ಒಂಚೂರು ಇಳಿಸಿ ನೋಡ್ರಿ. ಎಲಿ ನೋಡ್ತೀರಲ್ಲ, ಹಂಗ ನೋಡ್ರಿ.’

ಮಾರೆವ್ವನಿಗೆ ಇಲ್ಲ ಅನ್ನಲು ಮನಸ್ಸಾಗಲಿಲ್ಲ. ಅವಳ ಕಣ್ಣಿನ ಚುರುಕನ್ನೇ ಪರೀಕ್ಷೆಗೆ ಹಚ್ಚಿದ್ದಳಲ್ಲ ನಾಹೀದಾ. ಕತ್ತಲೆ ಕೋಣೆಯಿಂದ ಸಹನಾ ಹಿತ್ತಲಿಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಳು. ಮಾರೆವ್ವ ರೆಪ್ಪೆ ಇಳಿಸಿದಳು. ಕೆಂಪಗಿರಬೇಕಾದ ಒಳಭಾಗ ಬಿಳಿಚಿಕೊಂಡಿತ್ತು. ಉಗುರು ನೋಡಿದಳು, ನಾಲಿಗೆ ನೋಡಿದಳು, ಅಂಗೈ ತಿರುವಿ ನೋಡಿದಳು. ಯಾರೂ ಏನೂ ಹೇಳಬೇಕಾಗಿ ಬರಲಿಲ್ಲ. ಅಲ್ಲೇ ಗಿಡದ ಬುಡದಲ್ಲಿ ಕುಕ್ಕರಿಸಿ ಕೂತಳು.

‘ಗಿಡಕ್ಕ ಹಾಕೀನಿ’ ಎಂದಳು. ‘ನನ್ನ ಮಗಳಿಗೆ ಹಾಕಲಿಲ್ಲ.’

ನಾಹೀದಾ ಅವಳ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ಸಹನಾಳನ್ನು ನೆರಳಿಗೆ ಕೂರಿಸಿ, ಅದೇ ತಂಬಿಗೆಯಲ್ಲಿ ಮತ್ತೆ ನೀರು ತರಿಸಿ ಕುಡಿಸಿದಳು. ಸಹನಾ ಒಂದೇ ಉಸಿರಿಗೆ ತಂಬಿಗೆ ಬರಿದು ಮಾಡಿದಳು. ಮನಸ್ಸಿನಲ್ಲಿ ಏನು ನಡೆದಿದೆ, ಹೇಳಬೇಕು ಅನಿಸಿದರೆ ಹೇಳು, ನಾನು ಕೇಳುತ್ತೇನೆ ಎಂದು ನಾಹೀದಾ ಸುಮ್ಮನೆ ಪಕ್ಕದಲ್ಲಿ ಕೂತಳು. ಕೊನೆಗೆ ಸಹನಾ ಬಾಯಿಬಿಟ್ಟಳು.

‘ಕೂಸು ಅತ್ರೂ ನನಗ ಏನೂ ಅನ್ಸವಲ್ದು ಅಕ್ಕಾ. ಎಂಥಾ ತಾಯಿ ನಾನು. ನಾ ಇಲ್ದಿದ್ರನ ಅದಕ್ಕ ಛಲೋ ಅನ್ಸತೈತಿ.’

ಮಾರೆವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಒಂದೇ ಸೂರಿನ ಕೆಳಗಿದ್ದೂ ಮಗಳ ಈ ಮಾತು ಅವಳಿಗೆ ಗೊತ್ತಿರಲಿಲ್ಲ.

ನಾಹೀದಾ ಇಬ್ಬರಿಗೂ ತಿಳಿಯುವಂತೆ ಹೇಳಿದಳು. ಇದು ಗಾಳಿಯಲ್ಲ, ಸೋಮಾರಿತನವಲ್ಲ, ಕೂಸಿನ ಮೇಲೆ ಮಮತೆ ಇಲ್ಲದ್ದೂ ಅಲ್ಲ. ಹೆರಿಗೆಯ ನಂತರ ಎಷ್ಟೋ ತಾಯಂದಿರ ಮನಸ್ಸು ಹೀಗೆ ಕುಗ್ಗುತ್ತದೆ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಮೈಯಲ್ಲಿ ರಕ್ತ ಕಡಿಮೆಯಾದರೆ ಸುಸ್ತು ಬೇರೆ ಸೇರಿಕೊಂಡು ಕಷ್ಟ ಹೆಚ್ಚುತ್ತದೆ, ಅದಕ್ಕೆ ಮೈಯನ್ನೂ ನೋಡಬೇಕು, ಮನಸ್ಸನ್ನೂ ನೋಡಬೇಕು. ನಾನಿಲ್ಲದಿದ್ದರೇ ಒಳ್ಳೆಯದು ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಂಟಿಯಾಗಿ ಬಿಡಬಾರದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು.

‘ಊರಾಗ ಹುಚ್ಚಿ ಅಂದ್ರ ಏನ ಮಾಡ್ಲಿ ತಂಗಿ?’ ಮಾರೆವ್ವ ಕೇಳಿದಳು. ‘ಬೀಗರು ಬಿಟ್ಟು ಹೋದ್ರ?’

‘ಎಲಿ ಹಳದಿ ಆದ್ರ ಗಿಡಕ್ಕ ಹುಚ್ಚ ಹಿಡದೈತಿ ಅಂತೀರೇನ್ರಿ? ಬೇಕಾದ್ದು ಕೊಡ್ತೀರಿ, ನೆರಳು ಮಾಡ್ತೀರಿ, ದಿನಾ ಹೋಗಿ ನೋಡ್ತೀರಿ. ಇಲ್ಲೂ ಅಷ್ಟ ದೊಡ್ಡವ್ವ.’

ಮಾರೆವ್ವ ಎದ್ದಳು. ಸಹನಾಳ ತಲೆ ಬಾಚಿ, ಕೂಸನ್ನು ತಾನೇ ಎತ್ತಿಕೊಂಡು, ಮಗಳ ಕೈ ಹಿಡಿದು ನಡು ಓಣಿಯಲ್ಲಿ ಉಂಡಿ ಗಾಡಿಯ ಕಡೆಗೆ ನಡೆದಳು. ಓಣಿ ನೋಡಿತು. ನೋಡಲಿ ಬಿಡಿ, ಓಣಿಗೆ ಬೇರೆ ಕೆಲಸ ಏನಿದೆ.

ವ್ಯಾನಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಬಹಳ ಕಡಿಮೆ ಇದೆ ಎಂದರು. ಮನಸ್ಸಿನ ಚಿಕಿತ್ಸೆಗೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಹಾಲುಣಿಸುವ ತಾಯಿಗೆ ಹೊಂದುವ ಔಷಧವನ್ನೇ ಕೊಟ್ಟರು. ನಾಹೀದಾ ಪ್ರತಿ ವಾರ ಬಂದು ಕೂತು ಮಾತಾಡಿದಳು. ಅಂಗನವಾಡಿ ಕೋಣೆಯಲ್ಲಿ ಬಾಣಂತಿಯರನ್ನೆಲ್ಲ ಸೇರಿಸುತ್ತಿದ್ದಳು. ಸಹನಾ ಮೊದಮೊದಲು ಮೂಲೆಯಲ್ಲಿ ಕೂತು ಕೇಳಿದಳು ಅಷ್ಟೇ. ತನ್ನ ಹಾಗೆಯೇ ಅತ್ತವರು ಅದೇ ಊರಲ್ಲಿ ಇದ್ದಾರೆ ಎಂದು ತಿಳಿದ ಮೇಲೆ ಅವಳ ಮಾತೂ ಹೊರಗೆ ಬಂತು.

ಮನೆಯಲ್ಲಿ ಪಥ್ಯ ಮುರಿಯಿತು. ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಬೇಳೆ, ಮೊಟ್ಟೆ, ಶೇಂಗಾ ಉಂಡಿ, ಬೇಕೆನಿಸಿದಷ್ಟು ನೀರು. ಗುಳಿಗೆಯನ್ನು ಲಿಂಬೆಹಣ್ಣಿನ ನೀರಿನ ಜೊತೆ ಕೊಡಬೇಕು, ಅದರ ಹಿಂದೆಮುಂದೆ ಚಹಾ ಕುಡಿಯಬಾರದು, ಮಲ ಕಪ್ಪಗಾದರೆ ಹೆದರಬೇಕಾಗಿಲ್ಲ ಎಂದು ನಾಹೀದಾ ಹೇಳಿದ್ದಳು. ಮಾರೆವ್ವ ಅದನ್ನು ಕ್ರಾಸಿಂಗ್‌ನಷ್ಟೇ ಶಿಸ್ತಿನಿಂದ ಮಾಡಿದಳು. ಮಗಳು ಗುಳಿಗೆ ನುಂಗಿದ ಕೂಡಲೇ ಕಿಟಕಿಯ ಸರಳಿಗೆ ಒಂದು ನೂಲು ಕಟ್ಟುತ್ತಿದ್ದಳು, ಪ್ಲಾಟಿನಲ್ಲಿ ಹೂವಿಗೆ ಕಟ್ಟುವ ಹಾಗೆ. ಅವಳಿಗೆ ಕಷ್ಟವಾದದ್ದು ಒಂದೇ. ಮಗಳು ಮಾತಾಡುವಾಗ ನಡುವೆ ಬುದ್ಧಿ ಹೇಳದೆ ಸುಮ್ಮನೆ ಕೇಳಬೇಕಿತ್ತು. ಅದನ್ನೂ ಕಲಿತಳು. ಇದನ್ನು ಮಾತ್ರ ನಾನು ಕಣ್ಣಾರೆ ನೋಡಿಯೇ ನಂಬಿದ್ದು.

ಹುಣ್ಣಿಮೆ ಬಂತು, ಬೀಗರೂ ಬಂದರು. ಸಹನಾ ಆಗಿನ್ನೂ ಅರ್ಧ ದಾರಿಯಲ್ಲಿದ್ದಳು. ತಿರುಮಲೇಶನ ತಾಯಿ ದುರ್ಗಾದೇವಿ ಸೊಸೆಯ ಮುಖ ನೋಡಿ, ಹೀಗೇಕೆ ಇಳಿದು ಹೋಗಿದ್ದಾಳೆ ಎಂದು ಕೇಳಿದರು. ಸುಳ್ಳು ಹೇಳಲು ಮಾರೆವ್ವನಿಗೆ ಅದು ಕೊನೆಯ ಅವಕಾಶ. ಅವಳು ತಟ್ಟೆ ಕೆಳಗಿಟ್ಟು ಎಲ್ಲರ ಮುಂದೆಯೇ ಹೇಳಿದಳು.

‘ನನ್ನ ಮಗಳಿಗೆ ಮನಸಿನ ಜಡ್ಡು ಆಗಿತ್ರಿ ಬೀಗರ. ಔಷಧ ನಡದೈತಿ, ಗುಣ ಆಗಾಕ ಹತ್ತ್ಯಾಳ. ಮುಚ್ಚಿಟ್ಟಿದ್ದು ನಂದು ತಪ್ಪು, ಆಕೀದಲ್ಲ.’

ತಿರುಮಲೇಶ ಎದ್ದು ಹೋಗಿ ಸಹನಾಳ ಪಕ್ಕ ಕೂತು ಕೂಸನ್ನು ತೊಡೆಗೆ ಹಾಕಿಕೊಂಡ. ಫೋನಿನಲ್ಲಿ ಅವಳ ದನಿ ಕೇಳದೆ ನಾನು ಬೇರೆ ಏನೇನೋ ಅಂದುಕೊಂಡಿದ್ದೆ, ಪೂರ್ತಿ ಗುಣವಾಗುವ ತನಕ ಇಲ್ಲೇ ಇರಲಿ, ಪ್ರತಿ ವಾರ ನಾನೇ ಬಂದು ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದ. ದುರ್ಗಾದೇವಿ ಎದ್ದು ಕಿಟಕಿಯ ನೂಲುಗಳನ್ನು ಮುಟ್ಟಿ ನೋಡಿದರು.

‘ನಮ್ಮ ಓಣಿಯಾಗೂ ಒಬ್ಬಾಕಿ ಹಿಂಗ ಅದಾಳ್ರಿ’ ಎಂದರು. ‘ನಾವೆಲ್ಲಾ ಆಕೀನ್ನ ಹುಚ್ಚಿ ಅಂತೀವಿ. ಆ ಹುಡುಗಿ ಫೋನ್ ನಂಬರ್ ನನಗೂ ಕೊಡ್ರಿ.’

ಮಾರೆವ್ವ ಆಗ ಅತ್ತಳು. ಅಲ್ಲಿಯ ತನಕ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

ಟೊಮೆಟೊ ಪ್ಲಾಟಿನಲ್ಲಿ ಮತ್ತೆ ಹೂ ತುಂಬುವ ಹೊತ್ತಿಗೆ ಸಹನಾಳ ಕೆನ್ನೆಗೆ ಬಣ್ಣ ಬಂದಿತ್ತು. ಕೂಸು ಕೇಕೆ ಹಾಕಿದರೆ ತಾನೂ ಕೇಕೆ ಹಾಕುತ್ತಿದ್ದಳು, ಓಣಿಗೆಲ್ಲ ಕೇಳುವ ಹಾಗೆ. ಅವಳು ಗಂಗಾವತಿಯ ಬಸ್ಸು ಹತ್ತಿದ ದಿನ ಇಡೀ ಓಣಿ ಬಸ್ ಸ್ಟಾಂಡಿಗೆ ಹೋಗಿತ್ತು.

ಮರುವಾರ ಉಂಡಿ ಗಾಡಿಯ ಹಾರ್ನು ಕೇಳಿದಾಗ ನಾವೆಲ್ಲ ಪರದೆಯೊಳಗೆ ಕ್ರಾಸಿಂಗ್‌ನಲ್ಲಿದ್ದೆವು. ಮಾರೆವ್ವ ಬೆರಳಿನ ಉಂಗುರ ತೆಗೆದು ಗೂಟಕ್ಕೆ ಸಿಕ್ಕಿಸಿದಳು. ‘ಎಲ್ಲಾರೂ ಏಳ್ರಿ. ಒಬ್ಬರ ಕಣ್ರೆಪ್ಪಿ ಒಬ್ಬರು ನೋಡ್ಕೋರಿ, ಆಮ್ಯಾಲ ನನ್ನ ಹಿಂದ ಬರ್ರಿ’ ಎಂದಳು. ವಿರುಪಣ್ಣ ಓಡಿ ಬಂದು, ಬಿಸಿಲೇರಿದರೆ ಇವತ್ತಿನ ಹೂವೆಲ್ಲ ಹಾಳು ಎಂದ.

‘ಹೂವು ನಾಳೇನೂ ಅರಳ್ತಾವ್ರಿ’ ಎಂದಳು ಮಾರೆವ್ವ. ‘ಹೂ ಮುಟ್ಟಿಸೋ ಕೈ ಬಾಡಿದ್ರ ಯಾರನ್ನ ತರ್ತೀರಿ?’

ವಿರುಪಣ್ಣ ಅವಳನ್ನು ನೋಡಿದ, ಸಾಲಾಗಿ ಎದ್ದು ನಿಂತ ನಮ್ಮನ್ನು ನೋಡಿದ. ಹಳದಿ ಎಲೆ ತೋರಿಸಿದಾಗ ಇವಳ ಮಾತು ಒಮ್ಮೆಯೂ ಮೀರಿದವನಲ್ಲ. ಪರದೆಯ ಬಾಗಿಲು ತಾನೇ ಸರಿಸಿ ಹಿಡಿದ. ನಾವು ದಾಟುವಾಗ ಮಾರೆವ್ವನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ: ‘ನನ್ನ ಸೊಸೀನ್ನೂ ಕರಕೊಂಡು ಹೋಗವ್ವ. ಆಕೀನೂ ಭಾಳ ದಿನ ಆತು, ಮಾತಾಡವಲ್ಲಳು.’

ವಿರುಪಣ್ಣನ ಮನೆ ಹೊಕ್ಕು ಬಂದು, ನಾವು ಊರ ನಡುವೆ ಸಾಲಾಗಿ ನಡೆದೆವು, ಮುಂದೆ ಮಾರೆವ್ವ, ಅವಳ ಕೈಯಲ್ಲಿ ವಿರುಪಣ್ಣನ ಸೊಸೆಯ ಕೈ. ಆ ಹೊತ್ತಿನಲ್ಲಿ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಇನ್ನು ನಿಮ್ಮ ಸರದಿ ಅಕ್ಕಂದಿರೇ. ಕಥೆ ಮುಗಿದ ಕೂಡಲೇ ಮನೆಯ ಹೆಣ್ಣುಮಕ್ಕಳನ್ನು ಬೆಳಕಿಗೆ ಕರೆದು ಕಣ್ಣು ನೋಡಿ. ಬಾಣಂತಿಗೆ ನೀರು, ಸೊಪ್ಪು, ಬೇಳೆ ಹೊಟ್ಟೆ ತುಂಬ ಕೊಡಿ. ಯಾರಾದರೂ ಮಾತು ಬಿಟ್ಟು ಮೂಲೆ ಹಿಡಿದಿದ್ದರೆ ಬೂದಿ ಹಚ್ಚುವ ಮೊದಲು ಪಕ್ಕದಲ್ಲಿ ಕೂತು ಕೇಳಿ, ಒಂಟಿಯಾಗಿ ಬಿಡಬೇಡಿ. ನಿಮ್ಮೂರಿಗೆ ಇಂಥ ಸೇವೆಯ ಗಾಡಿ ಬಂದರೆ ಅಲ್ಲಿಗೆ ಹೋಗಿ, ಇಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರಕಾರಿ ಆಸ್ಪತ್ರೆಗೆ ಹೋಗಿ. ಮನಸ್ಸಿನ ಕಷ್ಟಕ್ಕೆ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ಅಂದ ಹಾಗೆ, ಗುಳಿಗೆ ನಿಂತು ಇಷ್ಟು ದಿನವಾದರೂ ಮಾರೆವ್ವನ ಕರಿಬೇವು ಹಸಿರಾಗಿಯೇ ಇದೆ. ಅದಕ್ಕೆ ನೀರು ಸಾಕಿತ್ತು. ನಿಮ್ಮ ಮನೆಗೆ ಬಂದ ಗುಳಿಗೆ ಎಲ್ಲಿಗೆ ಹೋಗುತ್ತಿದೆ, ಎದ್ದು ಹೋಗಿ ನೋಡಿ.