ಹೊನ್ನೂರಮ್ಮನ ಮನೆಯ ಎರಡನೇ ಆಳು

ನಮ್ಮ ಬಿಳಿಚೋಡಿನಲ್ಲಿ ಈರುಳ್ಳಿ ಕೀಳುವ ಕಾಲ ಬಂತೆಂದರೆ ಹೆಂಗಸರಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಕೂಲಿಯವರನ್ನು ಕರೆಯುವ ಅಭ್ಯಾಸ ನಮ್ಮ ಓಣಿಗಿಲ್ಲ, ನಮ್ಮದು ಮುಯ್ಯಾಳು. ಇವತ್ತು ನಿಮ್ಮ ಮನೆಯಿಂದ ಎಷ್ಟು ಆಳು ನಮ್ಮ ಹೊಲಕ್ಕೆ ಬಂದರೋ, ನಿಮ್ಮ ಹೊಲದ ಸರದಿ ಬಂದಾಗ ನಮ್ಮ ಮನೆಯಿಂದಲೂ ಅಷ್ಟೇ ಆಳು ಬರಬೇಕು. ಹಿಂದಿನ ದಿನ ಸಂಜೆ, ಓಣಿಯ ಆಳಿನ ಲೆಕ್ಕ ಇಟ್ಟುಕೊಂಡಿರುವ ದುರುಗಕ್ಕ ಬಾಗಿಲು ಬಾಗಿಲಿಗೆ ನಿಂತು ಹೆಸರು ಹಿಡಿದು ಕೂಗುತ್ತಾಳೆ. ಒಳಗಿದ್ದವರು "ಹೂಂ" ಅನ್ನಬೇಕು. ಅಂದರೆ ಮುಗಿಯಿತು, ಮರುದಿನ ಜ್ವರ ಬಂದರೂ ಹೋಗಲೇಬೇಕು. ಒಮ್ಮೆ ಕೂಗಿಸಿಕೊಂಡ ಹೆಸರು ಬಿಟ್ಟುಹೋಗುವುದು ಎರಡೇ ಕಾರಣಕ್ಕೆ, ಹುಡುಗಿ ಮದುವೆಯಾಗಿ ಹೋದರೆ ಅಥವಾ ಸತ್ತರೆ.

ನಮ್ಮ ಪಕ್ಕದ ಮನೆಯ ಹೊನ್ನೂರಮ್ಮನ ಬಾಗಿಲಲ್ಲಿ ದುರುಗಕ್ಕ ಎರಡು ಹೆಸರು ಕೂಗುತ್ತಿದ್ದಳು. "ಹೊನ್ನೂರೀ! ಶಾಂತೀ!" ಶಾಂತಿ ಅಂದರೆ ಅವಳ ಮಗಳು ಶಾಂತಲಾ. ಮೊದಲ ಲಾಕ್‌ಡೌನಿನ ವರ್ಷ ಸ್ಕೂಲು ಮುಚ್ಚಿದ್ದಾಗ ಏಳನೇ ಕ್ಲಾಸಿನ ಆ ಹುಡುಗಿ ಹೊಲಕ್ಕಿಳಿದು ದುರುಗಕ್ಕನನ್ನೇ ಹಿಂದೆ ಹಾಕಿ ಸಾಲು ಮುಗಿಸಿದ್ದಳು. ಅವತ್ತೇ ಅವಳನ್ನು ಇಡೀ ಆಳೆಂದು ಎಲ್ಲರೂ ಒಪ್ಪಿಕೊಂಡೆವು. ಹೊನ್ನೂರಮ್ಮ ಆ ವಾರವೆಲ್ಲ ನೆಲದ ಮೇಲೆ ಕಾಲಿಡಲಿಲ್ಲ. ಅವಳ ಗಂಡ ಮುರುಗೇಶಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರ ಕಡೆ ತಲೆ ಹಾಕುವವನಲ್ಲ. ಇರುವ ಒಬ್ಬಳು ಮಗಳೇ ಅವಳಿಗೆ ಕೈಯೂ ಕಾಲೂ.

ಮಾರನೇ ಬೇಸಿಗೆ ಎರಡನೇ ಸಲದ ಕೊರೋನಾ ಬಂದಾಗ ಓಣಿಯಲ್ಲಿ ದೊಡ್ಡವರು ಹಾಸಿಗೆ ಹಿಡಿದರು, ಇಬ್ಬರು ಹೋಗಿಬಿಟ್ಟರು. ಶಾಂತಲಾಗೂ ಜ್ವರ, ಕೆಮ್ಮು ಬಂದು ವಾರದೊಳಗೆ ಇಳಿಯಿತು. ಮಕ್ಕಳಿಗೆ ಏನೂ ಆಗುವುದಿಲ್ಲವೆಂದು ಟಿವಿಯವರೂ ಹೇಳಿದರು, ನಾವೂ ಹೇಳಿದೆವು. ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ?

ಆದರೆ ಹುಡುಗಿ ಮೊದಲಿನಂತಾಗಲಿಲ್ಲ. ನೀರಿನ ಕೊಡ ಇಳಿಸಿದವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೂತಲ್ಲಿಂದ ಎದ್ದರೆ ಎದೆ ದಬದಬ ಹೊಡೆದುಕೊಳ್ಳುತ್ತದೆ, ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಿದ್ದಳು. ಓದಿದ ಪಾಠ ಪುಟ ತಿರುಗಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು. ಹುಟ್ಟಿದಾಗಿನಿಂದ ಈರುಳ್ಳಿ ರಾಶಿಯ ಮಗ್ಗುಲಲ್ಲೇ ಬೆಳೆದವಳಿಗೆ ಒಗ್ಗರಣೆಯ ಈರುಳ್ಳಿ ಟೈರು ಸುಟ್ಟಂತೆ ನಾರುತ್ತಿತ್ತಂತೆ. ಮೈ ನೆರೆದದ್ದೂ ಅದೇ ವರ್ಷ. ಹಾಗಾಗಿ ಓಣಿಯ ಹೆಂಗಸರು ಕಾರಣ ಹುಡುಕಲು ದೂರ ಹೋಗಲಿಲ್ಲ. ದೊಡ್ಡವಳಾದ ಹುಡುಗಿ, ಮೈ ಬಲಿಯಲಿ ಎಂದು ಉದ್ದಿನ ಉಂಡೆ, ಕೊಬ್ಬರಿ ಬೆಲ್ಲ ತಿನ್ನಿಸಿದರು. ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಯಾವುದಕ್ಕೂ ಬಗ್ಗದಿದ್ದಾಗ ಕೊನೆಗೆ ಒಂದು ಹೆಸರಿಟ್ಟರು, ಮೈಗಳ್ಳಿ.

ಈ ಮಾತು ಮೊದಲು ಆಡಿದವಳು ದುರುಗಕ್ಕ. ಅವಳ ಬಾಯಿಗೆ ಬೀಗವಿಲ್ಲ. ಆದರೆ ಹೆತ್ತ ತಾಯಿಯೂ ಅದನ್ನೇ ಎತ್ತಿಕೊಂಡಾಗ ನನಗೆ ಮೈ ಉರಿಯಿತು. "ಏ ಹೊನ್ನೂರೀ, ನಿನ್ನ ಮಗಳೇನೇ ಅದು? ಮುಖ ನೋಡೇ, ಹೆಂಗೆ ಬಿಳಿಚಿಕೊಂಡೈತೆ," ಎಂದೆ.

"ರಕ್ತ ಪರೀಕ್ಷೆ ಮಾಡ್ಸೀನಿ ಬೊಮ್ಮಕ್ಕಾ. ಎಲ್ಲಾ ಸರಿಯಾಗೈತೆ ಅಂದ್ರು. ಏನೂ ಇಲ್ದೋಳಿಗೆ ನಾನೇನು ಔಷಧ ಹಾಕ್ಲಿ?" ಅಂದಳು.

ಅದೇ ವರ್ಷದ ದಸರಾ ರಜೆ. ಹೊನ್ನೂರಮ್ಮನ ಹೊಲದ ಈರುಳ್ಳಿಯನ್ನು ಓಣಿಯವರೆಲ್ಲ ಸೇರಿ ಕಿತ್ತುಕೊಟ್ಟಿದ್ದೆವು. ದುರುಗಕ್ಕ ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು. ಈಗ ದುರುಗಕ್ಕನ ಹೊಲದ ಸರದಿ, ಹೊನ್ನೂರಮ್ಮನ ಮನೆಯಿಂದ ಇಬ್ಬರು ಹೋಗಲೇಬೇಕು. ಮಗಳನ್ನು ಹೇಗೆ ಎಬ್ಬಿಸುವುದು? ಹೊನ್ನೂರಮ್ಮ ನಮ್ಮ ಕಡೆಯ ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದಳು. ಹಿಂದಿನ ದಿನ ಮಗಳನ್ನು ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬಂದಳು. ನಮ್ಮ ಜನಕ್ಕೆ ಮಾತ್ರೆಯ ಮೇಲೆ ನಂಬಿಕೆಯಿಲ್ಲ. ಬಾಟ್ಲಿ ಏರಿದರೆ ಶಕ್ತಿ ಏರಿತೆಂದೇ ಲೆಕ್ಕ.

ಮತ್ತೆ ನೋಡಿ, ಏರಿಯೇಬಿಟ್ಟಿತು! ಮರುದಿನ ಬೆಳಗ್ಗೆ ಶಾಂತಲಾ ತಾನೇ ಎದ್ದು ಜಡೆ ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಕುಡುಗೋಲು ಹಿಡಿದು ಬಂದಳು. ನನ್ನ ಪಕ್ಕದ ಸಾಲು ಹಿಡಿದು ಕಿತ್ತಳು, ಗರಿ ಕೊಯ್ದಳು, ಗುಡ್ಡೆ ಹಾಕಿದಳು. "ನೋಡ್ರೇ, ಮೈಗಳ್ಳತನ ಬಾಟ್ಲಿಗೆ ಹೆದರಿ ಓಡಿಹೋತು!" ಎಂದು ದುರುಗಕ್ಕ ನಗಿಸಿದಳು. ಶಾಂತಲಾ ಕೂಡ ನಕ್ಕಳು. ಎಷ್ಟೋ ದಿನದ ಮೇಲೆ ಅವಳನ್ನು ಯಾರೋ ಆಳೆಂದು ಕಂಡಿದ್ದರು, ಪಾಪ, ಅದಕ್ಕೇ ನಕ್ಕಳೇನೋ. ಹೊನ್ನೂರಮ್ಮನ ಮುಖದಲ್ಲಿ ಹಬ್ಬ.

ಮಾರನೇ ದಿನ ಹುಡುಗಿ ಓಡಾಡಿಕೊಂಡಿದ್ದಳು. ಅದರ ಮಾರನೇ ದಿನ ತಲೆ ಎತ್ತಲಾಗಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಬಾಗಿಲು ಮುಚ್ಚಿಸಿಕೊಂಡು ಮಲಗಿದಳು. ಎರಡು ಮಾತಾಡಿದರೆ ಸುಸ್ತು, ಬಚ್ಚಲಿಗೆ ಹೋಗಲೂ ತಾಯಿಯ ಹೆಗಲು ಬೇಕು. ರಜೆ ಮುಗಿದು ಸ್ಕೂಲು ತೆರೆದರೂ ಏಳಲಿಲ್ಲ. ಅವಳಿಗೆ ಎಲ್ಲಕ್ಕಿಂತ ಕೇಡು ಮಾಡಿದ್ದು ಹೊಲದಲ್ಲಿ ಚೆನ್ನಾಗಿ ದುಡಿದ ಆ ಒಂದು ದಿನ. ಈಗ ಯಾರ ಮುಂದೆ ನರಳಿದರೂ ಅದನ್ನೇ ಎತ್ತಿ ತೋರಿಸುತ್ತಿದ್ದರು.

"ಮೊನ್ನೆ ಅಷ್ಟು ಕಿತ್ತೋಳಿಗೆ ಈಗೇನು ಬಂತೇ? ಸಾಕು ನಾಟಕ, ಏಳು! ನಡೀ, ಇನ್ನೊಂದು ಬಾಟ್ಲಿ ಹಾಕಿಸ್ಕೊಂಡು ಬರಾಣ," ಎಂದು ಹೊನ್ನೂರಮ್ಮ ಕೂಗಾಡುವುದು ನಮ್ಮ ಮನೆಗೂ ಕೇಳಿತು. ನಾನು ಎದ್ದು ಹೋದೆ.

ಶಾಂತಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದನಿ ಮೆತ್ತಗೆ ಬಂತು. "ಬ್ಯಾಡ ಅವ್ವಾ. ಬಾಟ್ಲಿ ಹಾಕಿಸ್ಬ್ಯಾಡ. ಹಾಕ್ಸಿದ್ರೆ ಮತ್ತೆ ಹೊಲಕ್ಕೆ ಕಳಿಸ್ತೀಯ. ಹೋದ್ರೆ ನಾನು ಸತ್ತೇ ಹೋಗ್ತೀನಿ."

ಕೆಲಸಕ್ಕೆ ಹೆದರಿ ಹುಡುಗರು ಹೊಟ್ಟೆನೋವು ಅನ್ನುತ್ತಾರೆ, ತಲೆನೋವು ಅನ್ನುತ್ತಾರೆ. ಶಕ್ತಿ ಬರುವುದಕ್ಕೇ ಹೆದರಿದ ಮಗುವನ್ನು ನಾನು ಅವತ್ತೇ ಕಂಡದ್ದು. "ನಾಳೆ ದಾವಣಗೆರೆ ಬಸ್ಸಿಗೆ ಹೊರಡು, ನಾನೂ ಬರ್ತೀನಿ. ಇನ್ನೊಂದು ಮಾತು ಆಡಿದ್ರೆ ನೋಡು," ಎಂದು ಹೊನ್ನೂರಮ್ಮನಿಗೆ ಗದರಿಸಿದೆ.

ದಾವಣಗೆರೆಯಲ್ಲಿ ನೋಡಿದ್ದು ಮಕ್ಕಳ ಡಾಕ್ಟರಮ್ಮ. ನಾವು ಒಯ್ದಿದ್ದ ರಕ್ತ ಪರೀಕ್ಷೆಯ ಕಾಗದಗಳನ್ನು ಪಕ್ಕಕ್ಕಿಟ್ಟು ಹುಡುಗಿಯನ್ನೇ ಮಾತಾಡಿಸಿದರು. ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ನಿಂತಾಗ ಅವಳ ಎದೆ ಓಡಿ ಬಂದವಳ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇನ್ನೂ ಕೆಲವು ಪರೀಕ್ಷೆ ಮಾಡಿಸಿದರು. ಮುಂದಿನ ವಾರ ಹೋದಾಗ ಕೂರಿಸಿ ಹೇಳಿದರು.

"ಕೊರೋನಾ ಬಂದು ಹೋದ ಮೇಲೆ ಕೆಲವರಿಗೆ ಹೀಗೆ ಉಳಿದುಕೊಳ್ಳುತ್ತೆ ಅಮ್ಮ. ಮಕ್ಕಳಿಗೂ ಆಗುತ್ತೆ. ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ. ನೀರು ಚೆನ್ನಾಗಿ ಕುಡಿಯಲಿ. ಮುಖ್ಯ ಅಂದ್ರೆ ಸುಸ್ತಾಗೋಕೆ ಮುಂಚೆಯೇ ಕೂತ್ಕೋಬೇಕು. ಮೈ ಮೀರಿ ಮಾಡಿಸಿದ್ರೆ ಒಂದೆರಡು ದಿನ ಬಿಟ್ಟು ಹೀಗೇ ಕೆಡವುತ್ತೆ. ಬಾಟ್ಲಿಯಿಂದ ಬಂದದ್ದು ಆ ಹೊತ್ತಿನ ಚೇತರಿಕೆ ಅಷ್ಟೇ."

"ಯಾವಾಗ ವಾಸಿ ಆಗ್ತೈತ್ರೀ?" ಎಂದು ನಾನು ಕೇಳಿದೆ.

"ಸುಮಾರು ಮಕ್ಕಳು ನಿಧಾನಕ್ಕೆ ಸುಧಾರಿಸ್ತಾರೆ. ಇವಳಿಗೆ ಎಷ್ಟು ದಿನ ಅಂತ ನಾನು ಸುಳ್ಳು ಹೇಳಲ್ಲ."

ಹೊನ್ನೂರಮ್ಮ ಅಷ್ಟು ಹೊತ್ತೂ ಸೆರಗಿನ ತುದಿ ತಿರುವುತ್ತ ಕೂತಿದ್ದಳು. "ಹಂಗಾದ್ರೆ ಡಾಕ್ಟ್ರಮ್ಮಾ, ನನ್ನ ಮಗಳು ಇಷ್ಟು ದಿನ ಸುಳ್ಳು ಹೇಳ್ತಿರ್ಲಿಲ್ವಾ?"

"ಇಲ್ಲಮ್ಮ. ನಿಜಾನೇ ಹೇಳ್ತಿದ್ದಳು."

ಹೊನ್ನೂರಮ್ಮ ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಳೂರು ದಾರಿಯುದ್ದ ಅತ್ತಳು. ಕಂಡಕ್ಟರ್ ಟಿಕೆಟ್ ಕೇಳಲು ಬಂದವನು ಅವಳ ಮುಖ ನೋಡಿ ನನ್ನ ಕಡೆ ಕೈ ಚಾಚಿದ.

ಊರಿಗೆ ಬಂದವಳು ಮಗಳನ್ನು ಮಲಗಿಸಿ, ಕಾಲಿಗೂ ನೀರು ಹಾಕಿಕೊಳ್ಳದೆ ದುರುಗಕ್ಕನ ಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ದುರುಗಕ್ಕ ಜಗುಲಿಯ ಮೇಲೆ ಸೊಸೆಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ದುರುಗಕ್ಕಾ, ನನ್ನ ಮಗಳ ಹೆಸರು ಬಿಟ್ಟುಬಿಡು. ಇನ್ಮೇಲೆ ನಮ್ಮ ಮನೇದು ಒಂದೇ ಆಳು. ನಮ್ಮ ಹೊಲಕ್ಕೂ ಒಬ್ಬೊಬ್ರೇ ಬಂದ್ರೆ ಸಾಕು."

ದುರುಗಕ್ಕನ ಕೈ ನಿಂತಿತು. "ಬಿಡ್ತು ಅನ್ನೇ! ಮೂರು ಸಂಜೆ ಹೊತ್ತಿನಾಗೆ ಎಂಥಾ ಮಾತಾಡ್ತೀಯ? ಸತ್ತೋರ ಹೆಸರು ಬಿಡೋದು ಕಣೇ, ಬದುಕಿರೋರದ್ದಲ್ಲ."

"ಬದುಕ್ಲಿ ಅಂತಾನೇ ಬಿಡ್ಸಾಕೆ ಬಂದೀನಿ," ಅಂದಳು ಹೊನ್ನೂರಮ್ಮ. "ಮೈಗಳ್ಳಿ ಅಂದ್ರಿ, ನಾನೂ ಅಂದೆ. ನನ್ನ ನಾಲಿಗೆ ಬಿದ್ದುಹೋಗ್ಲಿ. ಆ ಕೂಸಿಗೆ ಕಾಯಿಲೆ ಐತೆ, ಕೊರೋನಾದ್ದೇ ಕಾಯಿಲೆ. ಇನ್ಯಾರಾದ್ರೂ ಆ ಮಾತು ಎತ್ತಿದ್ರೆ ಅವರ ಮನೆ ಮುಯ್ಯಿಗೆ ನಾನೂ ಬರಲ್ಲ."

ದುರುಗಕ್ಕ ತಲೆ ತಗ್ಗಿಸಿ ಮತ್ತೆ ತೊಟ್ಟು ಬಿಡಿಸತೊಡಗಿದಳು.

ವಾರ ಕಳೆದು ಓಣಿಯ ಇನ್ನೊಂದು ಹೊಲಕ್ಕೆ ಆಳು ಕೂಗುವ ಸಂಜೆ ಬಂತು. ನಾನು ಹೊನ್ನೂರಮ್ಮನ ಮನೆಯಲ್ಲೇ ಶಾಂತಲಾಗೆ ಗಂಜಿ ಕುಡಿಸುತ್ತ ಕೂತಿದ್ದೆ. ದುರುಗಕ್ಕನ ದನಿ ಒಂದೊಂದೇ ಬಾಗಿಲು ದಾಟಿ ಹತ್ತಿರ ಬಂತು. ಹುಡುಗಿ ಗಂಜಿ ಬಿಟ್ಟು ಕಿವಿ ಕೊಟ್ಟಳು.

"ಹೊನ್ನೂರೀ!"

"ಹೂಂ," ಅಂದಳು ಹೊನ್ನೂರಮ್ಮ ಒಳಗಿಂದ. ಬಾಗಿಲಾಚೆ ದುರುಗಕ್ಕ ಇನ್ನೂ ನಿಂತೇ ಇದ್ದಳು. ಅಭ್ಯಾಸದ ಬಾಯಿ, ಇನ್ನೊಂದು ಹೆಸರು ತುಟಿಯವರೆಗೆ ಬಂದಿರಬೇಕು. ಆಮೇಲೆ ಅವಳ ಹೆಜ್ಜೆ ಮುಂದಿನ ಮನೆಯ ಕಡೆ ಹೋಯಿತು.

ಶಾಂತಲಾ ಅತ್ತುಬಿಟ್ಟಳು. "ಯಾಕವ್ವಾ? ಹೊಲಕ್ಕೆ ಹೋಗೋದು ತಪ್ತಲ್ಲ," ಎಂದು ನಾನು ಕಣ್ಣೊರೆಸಲು ಹೋದೆ.

"ತಪ್ತು ಅತ್ತೆ," ಅಂದಳು. "ಮತ್ತೆ ಯಾವತ್ತಾದ್ರೂ ಕೂಗ್ತಾರಾ?"

ಕೂಗುತ್ತಾರೆ ಎಂದರೆ ಸುಳ್ಳಾದೀತು, ನಾನು ಇನ್ನೊಂದು ಗುಟುಕು ಗಂಜಿಯನ್ನು ಅವಳ ಬಾಯಿಗೆ ಹಿಡಿದೆ. ಹೊನ್ನೂರಮ್ಮ ನಾಳೆಗೆಂದು ಮೂಲೆಯಿಂದ ಕುಡುಗೋಲು ತೆಗೆಯುತ್ತಿದ್ದಳು. ರೂಢಿಯಂತೆ ಎರಡೂ ಕೈಗೆ ಬಂದಿದ್ದವು. ಒಂದನ್ನು ಬಾಗಿಲ ಬಳಿ ಇಟ್ಟಳು. ಇನ್ನೊಂದನ್ನು, ಹಿಡಿ ಸಣ್ಣದಾದ ಮಗಳ ಕುಡುಗೋಲನ್ನು, ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ಒರೆಸಿ, ದೀಪದ ಎಣ್ಣೆ ತಂದು ಅಲಗಿಗೆ ಸವರತೊಡಗಿದಳು.

"ಇದನ್ನ ಮೇಲೆ ಇಡ್ತೀನಿ," ಎಂದಳು ಮಗಳಿಗೆ. "ಎಷ್ಟು ದಿನ ಆಗ್ತೈತೋ, ತುಕ್ಕು ಹಿಡೀಬಾರ್ದು."